ಯುಗಾದಿಗೆ ವಿಮಾನ ಹತ್ತಬೇಕೇ? ದೀಪಾವಳಿಗೇ ಚಿಪ್ ಹಾಕಿಸಿ

“ಬ್ಯಾಸಗಿ ಸೂಟ್ಯಾಗ ಮಗನ ಹತ್ರ ಜರ್ಮನಿಗೆ ಹೊಂಟೀವ್ರಿ. ನಾಯಿನ್ನೂ ಕರಕೊಂಡು ಹೋಗಾಕ ಬರ್ತದೇನ್ರಿ?”

ರಾಯಚೂರಿನಲ್ಲಿ ಈ ಪ್ರಶ್ನೆ ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ. ಮಾನ್ವಿ, ದೇವದುರ್ಗದ ಮನೆಗಳ ಮಕ್ಕಳೂ ಓದಿ, ಕೆಲಸ ಹಿಡಿದು ಅಮೆರಿಕ, ಯುರೋಪು, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ಅಪ್ಪ ಅಮ್ಮ ಸೂಟಿಗೆ ಅಲ್ಲಿಗೆ ಹೋಗಿ ಬರುವುದು ರೂಢಿಯಾಗಿದೆ. ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ನಾಯಿಯ ಜಾಗವೂ ಬದಲಾಗಿದೆ. ಕಣ ಕಾಯಲು, ಕುರಿ ಕಾಯಲು ಸಾಕುತ್ತಿದ್ದ ಪ್ರಾಣಿ ಅಂಗಳದಿಂದ ಪಡಸಾಲೆಗೆ ಬಂದಿದೆ. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಹಿರಿಯರಿಗೆ ಹಗಲೆಲ್ಲ ಜೊತೆ ಅದೊಂದೇ. ಅದನ್ನು ಬಿಟ್ಟು ಹೋಗಲು ಮನಸ್ಸಾಗದಿರುವುದು ಸಹಜ. ಆ ಸಂಕಟವನ್ನು ಯಾರೂ ಹಗುರವಾಗಿ ನೋಡಬಾರದು.

ಪ್ರಶ್ನೆಗೆ ಉತ್ತರ ಹೌದು, ಕರೆದುಕೊಂಡು ಹೋಗಲು ಬರುತ್ತದೆ. ಆದರೆ ಹೆಚ್ಚಿನವರು ಇದನ್ನು ಕೇಳುವುದು ಟಿಕೆಟ್ ತೆಗೆಸಿದ ಮೇಲೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮನುಷ್ಯರಿಗೆ ವೀಸಾ ಕೆಲವು ವಾರಗಳಲ್ಲಿ ಸಿಕ್ಕೀತು. ಭಾರತದ ನಾಯಿಗೆ ಯುರೋಪಿನ ಬಾಗಿಲು ತೆರೆಯಲು ಕನಿಷ್ಠ ನಾಲ್ಕು ತಿಂಗಳು ಬೇಕು, ಜಪಾನಿನದಕ್ಕೆ ಏಳೆಂಟು ತಿಂಗಳು. ಆದ್ದರಿಂದ ಈ ಅಂಕಣದಲ್ಲಿ ಎರಡು ಮಾತು ಹೇಳಬೇಕಿದೆ. ಕುಟುಂಬ ವಾಸವನ್ನೇ ಬದಲಿಸುತ್ತಿದ್ದರೆ ನಾಯಿಯನ್ನು ಖಂಡಿತ ಕರೆದುಕೊಂಡು ಹೋಗಿ, ಅದಕ್ಕೆ ತಕ್ಕ ತಯಾರಿಯನ್ನು ಮೊದಲೇ ಶುರುಮಾಡಿ. ಮೂರ್ನಾಲ್ಕು ವಾರದ ರಜೆಗಾದರೆ ಅದನ್ನು ಊರಿನಲ್ಲೇ ಒಳ್ಳೆಯವರ ಕೈಯಲ್ಲಿ ಬಿಟ್ಟು ಹೋಗುವುದೇ ಅದರ ಮೇಲಿನ ನಿಜವಾದ ಪ್ರೀತಿ. ಯಾಕೆ ಎಂಬುದನ್ನು ನೋಡೋಣ.

ಎಲ್ಲ ನಿಯಮದ ಹಿಂದೆ ಇರುವ ಒಂದೇ ರೋಗ

ನಾಯಿಯ ವಿದೇಶ ಪ್ರಯಾಣದ ಕಾಗದಪತ್ರ ಎಷ್ಟೇ ಇರಲಿ, ಅವುಗಳ ಮೂಲದಲ್ಲಿ ಇರುವುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದು ಇಲ್ಲವೇ ಇಲ್ಲ ಎನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಆಗುತ್ತವೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾದಂಥ ದೇಶಗಳು ನಾಯಿಗಳಿಂದ ಹರಡುವ ರೇಬೀಸಿನಿಂದ ಮುಕ್ತವಾಗಿವೆ. ಅವು ನಮ್ಮ ನಾಯಿಯನ್ನು ಅನುಮಾನದಿಂದ ನೋಡುವುದಕ್ಕೆ ಕಾರಣ ಇದು.

ಈ ರೋಗದ ತೊಡಕು ಅದರ ಮೌನದಲ್ಲಿದೆ. ಕಚ್ಚಿಸಿಕೊಂಡ ನಾಯಿಯ ಮೈಯೊಳಗೆ ವೈರಾಣು ನರಗಳ ಗುಂಟ ನಿಧಾನವಾಗಿ ಮೆದುಳಿನ ಕಡೆ ಸಾಗುತ್ತಿರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ನಾಯಿ ಉಂಡು ಆಡಿಕೊಂಡು ಚೆನ್ನಾಗಿಯೇ ಇರುತ್ತದೆ. ಆ ಅವಧಿಯಲ್ಲಿ ಅದರ ರೋಗವನ್ನು ಹಿಡಿದು ತೋರಿಸುವ ಪರೀಕ್ಷೆ ಇಲ್ಲ. ಹಾಗಾದರೆ ಪರದೇಶದ ಅಧಿಕಾರಿ ನಂಬುವುದು ಹೇಗೆ? ಹಿಂದೆ ಇದಕ್ಕೆ ಇದ್ದ ಉತ್ತರ ಕೂಡಿಹಾಕುವುದು. ಬ್ರಿಟನ್ನಿನಲ್ಲಿ ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಕ್ವಾರಂಟೈನಿನಲ್ಲಿ ಇಡುತ್ತಿದ್ದರು. 20ನೇ ಶತಮಾನದ ಉದ್ದಕ್ಕೂ ಆ ಪದ್ಧತಿ ನಡೆದು, 2000ದಲ್ಲಿ ಲಸಿಕೆ ಮತ್ತು ರಕ್ತಪರೀಕ್ಷೆ ಆಧಾರಿತ ಹೊಸ ಪದ್ಧತಿ ಬಂತು. ಮುಧೋಳದ ಸಂಸ್ಥಾನಿಕ ಮಾಲೋಜಿರಾವ್ ಘೋರ್ಪಡೆ ಬ್ರಿಟನ್ನಿನ ದೊರೆ ಐದನೆಯ ಜಾರ್ಜನಿಗೆ ಮುಧೋಳ ತಳಿಯ ಮರಿಗಳನ್ನು ಕಾಣಿಕೆ ಕೊಟ್ಟದ್ದು ನಮ್ಮ ಕಡೆಯ ನಾಯಿಗಳ ವಿದೇಶ ಯಾನದ ಹೆಸರಾಂತ ಪ್ರಸಂಗ. ಅದು ಇನ್ನೂ ಕ್ವಾರಂಟೈನಿನ ಕಾಲ.

ಈಗ ಅದೇ ಕಾಯುವಿಕೆಯನ್ನು ನಾಯಿ ತನ್ನ ಮನೆಯಲ್ಲೇ ಮುಗಿಸಬಹುದು. ಲಸಿಕೆ ಕೊಟ್ಟು, ಅದು ಮೈಗೆ ಹತ್ತಿದೆ ಎಂದು ರಕ್ತದಲ್ಲಿ ಸಾಬೀತು ಮಾಡಿ, ಆ ಬಳಿಕ ಮೂರು ತಿಂಗಳು ಕಾಯಬೇಕು. ಲಸಿಕೆಗೆ ಮುಂಚೆಯೇ ವೈರಾಣು ಒಳಹೊಕ್ಕಿದ್ದರೆ ಅಷ್ಟರಲ್ಲಿ ಬಹುಮಟ್ಟಿಗೆ ರೋಗ ಹೊರಬಿದ್ದಿರುತ್ತದೆ. ಯುರೋಪು ಹೇಳುವ ‘ಮೂರು ತಿಂಗಳು’ ಯಾರದೋ ಕಚೇರಿಯ ಹಟದಿಂದ ಬಂದದ್ದಲ್ಲ, ರೋಗದ ಸ್ವಭಾವದಿಂದಲೇ ಬಂದದ್ದು. ಇದು ಮನಸ್ಸಿಗೆ ಬಂದರೆ ಉಳಿದ ನಿಯಮಗಳು ತಾವೇ ಅರ್ಥವಾಗುತ್ತವೆ.

ಮೊದಲು ಚಿಪ್, ಆಮೇಲೆ ಲಸಿಕೆ

ಯುರೋಪಿಯನ್ ಒಕ್ಕೂಟದ ಕ್ರಮವನ್ನೇ ಮಾದರಿಯಾಗಿ ಇಟ್ಟುಕೊಂಡರೆ ಹೆಜ್ಜೆಗಳು ಹೀಗಿವೆ.

ಮೊದಲನೆಯದು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ಗಾತ್ರದ ಈ ಚಿಪ್ಪನ್ನು ದಪ್ಪ ಸೂಜಿಯಿಂದ ಹೆಗಲುಗಳ ನಡುವೆ ಚರ್ಮದ ಕೆಳಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಅದು ತೋರಿಸುವುದೂ ಇಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆಯನ್ನಷ್ಟೇ ಹೇಳುತ್ತದೆ. ಅದು ಐಎಸ್‌ಒ 11784 ಮತ್ತು 11785ರ ಮಾನದಂಡಕ್ಕೆ ಹೊಂದುವ ಚಿಪ್ ಆಗಿರಬೇಕು. ಹಾಕಿಸುವ ಮುನ್ನ ಪ್ಯಾಕೆಟ್ಟಿನ ಮೇಲೆ ಇದನ್ನು ಓದಿ ನೋಡಿ.

ಎರಡನೆಯದು ರೇಬೀಸ್ ಲಸಿಕೆ. ಮರಿಗೆ 12 ವಾರ ತುಂಬಿರಬೇಕು. ಲಸಿಕೆಯನ್ನು ಚಿಪ್ ಹಾಕಿದ ದಿನವೇ ಕೊಡಿಸಬಹುದು, ಆಮೇಲೂ ಕೊಡಿಸಬಹುದು. ಚಿಪ್ಪಿಗಿಂತ ಮೊದಲು ಕೊಡಿಸಿದರೆ ಮಾತ್ರ ಆ ಲಸಿಕೆ ಪ್ರಯಾಣದ ಲೆಕ್ಕಕ್ಕೆ ಬರುವುದಿಲ್ಲ. ಚಿಪ್ ಇಲ್ಲದ ನಾಯಿಗೆ ಕೊಟ್ಟ ಲಸಿಕೆ ಇದೇ ನಾಯಿಗೆ ಕೊಟ್ಟದ್ದು ಎಂಬುದಕ್ಕೆ ಗುರುತಿಲ್ಲ ಎಂಬುದು ಅವರ ವಾದ. ಶಿಬಿರಗಳಲ್ಲಿ ಪ್ರತಿವರ್ಷ ತಪ್ಪದೆ ಲಸಿಕೆ ಹಾಕಿಸಿದವರೂ ಈ ಹಂತದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮೂರನೆಯದು ರಕ್ತಪರೀಕ್ಷೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಮಿಲಿಲೀಟರ್ ಸೀರಮ್ಮಿನಲ್ಲಿ ರೇಬೀಸ್ ಪ್ರತಿಕಾಯ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇರಬೇಕು. ಪರೀಕ್ಷೆ ಎಲ್ಲಿ ಬೇಕಾದರೂ ಮಾಡಿಸಿದರೆ ನಡೆಯದು. ನೀವು ಹೋಗುವ ದೇಶ ಒಪ್ಪಿದ ಪ್ರಯೋಗಾಲಯಗಳ ಪಟ್ಟಿಯಲ್ಲೇ ಅದು ಇರಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಮಾನ್ಯ ಮಾಡಿದ ರೇಬೀಸ್ ಪ್ರಯೋಗಾಲಯ ಇದೆ, ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇಂಥ ಕಡೆ ವಿಚಾರಿಸಿದರೆ ಯಾವ ದೇಶಕ್ಕೆ ಮಾದರಿ ಎಲ್ಲಿಗೆ ಹೋಗಬೇಕು ಎಂಬ ದಾರಿ ಸಿಗುತ್ತದೆ. ದೇವದುರ್ಗದಿಂದ ಬೇಸಿಗೆಯ ಬಿಸಿಲಿನಲ್ಲಿ ಸೀರಮ್ಮನ್ನು ಬಸ್ಸಿನಲ್ಲಿ ಕಳಿಸುವ ಸಾಹಸ ಬೇಡ. ನಾಯಿಯನ್ನೇ ಹೈದರಾಬಾದಿಗೋ ಬೆಂಗಳೂರಿಗೋ ಕರೆದೊಯ್ದು ಅಲ್ಲೇ ರಕ್ತ ಕೊಡಿಸುವುದು ಮೇಲು.

ನಾಲ್ಕನೆಯದು ಕಾಯುವಿಕೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು. ದೀಪಾವಳಿಯ ಹೊತ್ತಿಗೆ ಚಿಪ್ ಮತ್ತು ಲಸಿಕೆ, ಒಂದು ತಿಂಗಳು ಬಿಟ್ಟು ರಕ್ತ, ಅಲ್ಲಿಂದ ಮೂರು ತಿಂಗಳೆಂದರೆ ಯುಗಾದಿಯ ಹತ್ತಿರಕ್ಕೆ ಬಂದಿರುತ್ತೀರಿ. ಒಳ್ಳೆಯ ಸಂಗತಿ ಏನೆಂದರೆ, ಇಷ್ಟಾದ ಮೇಲೆ ಲಸಿಕೆಯ ಅವಧಿ ಮುಗಿಯುವ ಮೊದಲೇ ಪ್ರತಿ ಸಲ ಮುಂದಿನ ಡೋಸ್ ಹಾಕಿಸುತ್ತ ಹೋದರೆ ಯುರೋಪಿಗೆ ಆ ರಕ್ತಪರೀಕ್ಷೆ ನಾಯಿಯ ಜೀವಮಾನಕ್ಕೆಲ್ಲ ಸಾಕು. ಒಂದೇ ಒಂದು ದಿನ ತಡವಾದರೂ ಎಲ್ಲವೂ ಮೊದಲಿನಿಂದ.

ಇಲ್ಲಿ ಲಸಿಕೆ ಕಾರ್ಡಿನ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಗ್ಯಾಸ್ ಪುಸ್ತಕದ ಜೊತೆಯಲ್ಲೋ ದೇವರ ಮನೆಯ ಗೂಡಿನಲ್ಲೋ ಇರುತ್ತದೆ. ಒಮ್ಮೆ ತೆಗೆದು ನೋಡಿ. ಲಸಿಕೆ ಬಾಟಲಿಯ ಸ್ಟಿಕ್ಕರ್ ಅಂಟಿಸಿದೆಯೇ? ಅದರ ಮೇಲಿನ ಬ್ಯಾಚ್ ಸಂಖ್ಯೆ, ಮುಗಿಯುವ ತಿಂಗಳು ಓದಲು ಬರುತ್ತವೆಯೇ, ಇಲ್ಲಾ ಸಹಿಯ ಶಾಯಿ ಅವುಗಳ ಮೇಲೆಯೇ ಹರಡಿದೆಯೇ? ಕೊಟ್ಟ ದಿನಾಂಕ, ಮುಂದಿನ ದಿನಾಂಕ ಎರಡೂ ಇವೆಯೇ? ವೈದ್ಯರ ಹೆಸರು, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಮೊಹರು ಇವೆಯೇ? ಚಿಪ್ ಸಂಖ್ಯೆಯ 15 ಅಂಕಿ ಒಂದೂ ತಪ್ಪದೆ ಬರೆದಿದೆಯೇ? ನಾಯಿಯ ಹೆಸರು ಒಂದು ಕಡೆ ‘ರಾಜಾ’ ಇನ್ನೊಂದು ಕಡೆ ‘ರಾಜು’ ಎಂದಾಗಿಲ್ಲವಷ್ಟೇ? ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಾಯಿಯ ಪರವಾಗಿ ಮಾತಾಡುವುದು ಈ ಹಾಳೆ ಮಾತ್ರ. ಸೂಜಿ ಹಾಕಿದ ದಿನ ಐದು ನಿಮಿಷ ನಿಂತು, ವೈದ್ಯರಿಂದ ಎಲ್ಲ ಅಂಕಣವನ್ನೂ ತುಂಬಿಸಿಕೊಂಡೇ ಬನ್ನಿ. ಅವರೂ ಬೇಸರ ಮಾಡಿಕೊಳ್ಳುವುದಿಲ್ಲ.

ದೇಶಕ್ಕೊಂದು ನಿಯಮ

ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ಭಾರತ ಅದರ ‘ರೇಬೀಸ್ ಅಪಾಯ ಹೆಚ್ಚಿರುವ ದೇಶ’ಗಳ ಪಟ್ಟಿಯಲ್ಲಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ನಮ್ಮ ಸರ್ಕಾರಿ ಪಶುವೈದ್ಯಾಧಿಕಾರಿ ದೃಢೀಕರಿಸಿದ ಲಸಿಕೆ ಪತ್ರ ಬೇಕು, ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಆನ್‌ಲೈನ್ ಅರ್ಜಿ ತುಂಬಬೇಕು. ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರ ಇರುವ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು. ಒಪ್ಪಿತ ಪ್ರಯೋಗಾಲಯದ ರಕ್ತಪರೀಕ್ಷೆ ಇಲ್ಲದಿದ್ದರೆ 28 ದಿನ ಕ್ವಾರಂಟೈನ್, ಅದರ ಖರ್ಚು ನಿಮ್ಮದೇ. ಬೆಕ್ಕಿಗೆ ಈ ಬಿಗಿ ಇಲ್ಲ.

ಬ್ರಿಟನ್ ಯುರೋಪಿನಂತೆಯೇ ಚಿಪ್, ಲಸಿಕೆ, ರಕ್ತ, ಮೂರು ತಿಂಗಳು ಕೇಳುತ್ತದೆ. ಜೊತೆಗೆ ಅಲ್ಲಿ ಇಳಿಯುವ 24ರಿಂದ 120 ಗಂಟೆಗಳ ಮೊದಲು ನಾಯಿಗೆ ಲಾಡಿಹುಳದ ಔಷಧಿಯನ್ನು ವೈದ್ಯರೇ ಕೊಟ್ಟು ಬರೆದಿರಬೇಕು. ವಿಮಾನದಲ್ಲಿ ಹೋಗುವ ನಾಯಿ ಬ್ರಿಟನ್ನನ್ನು ಕಾರ್ಗೋ ಆಗಿಯೇ ಪ್ರವೇಶಿಸಬೇಕು, ನಿಮ್ಮ ಸೀಟಿನ ಕೆಳಗೆ ಕೂತು ಅಲ್ಲ. ಜಪಾನ್ ಎರಡು ಸಲ ಲಸಿಕೆ ಮತ್ತು ರಕ್ತ ತೆಗೆದ ಮೇಲೆ 180 ದಿನದ ಕಾಯುವಿಕೆ ಕೇಳುತ್ತದೆ. ಅಲ್ಲಿಗೆ ಯುಗಾದಿಗೆ ಹೋಗಬೇಕೆಂದರೆ ಶ್ರಾವಣದಲ್ಲೇ ಶುರುಮಾಡಬೇಕು. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿಯನ್ನು ಒಳಗೆ ಬಿಡುವುದೇ ಇಲ್ಲ. ಅದು ಒಪ್ಪುವ ಇನ್ನೊಂದು ದೇಶದಲ್ಲಿ ತಿಂಗಳುಗಟ್ಟಲೆ ಇದ್ದು ಹೋಗಬೇಕು, ಅಲ್ಲಿ ಇಳಿದ ಮೇಲೂ ಕ್ವಾರಂಟೈನ್ ಇದೆ. ಸಿಂಗಪುರ, ಮಲೇಷ್ಯಾದಲ್ಲಿ ನಮ್ಮ ನಾಯಿ ಮೊದಲು ಸೇರುವುದು ಸರ್ಕಾರಿ ಕ್ವಾರಂಟೈನ್ ಕೇಂದ್ರವನ್ನು. ಒಂದು ವಾರದ ಪ್ಯಾಕೇಜ್ ಟೂರಿಗೆ ಹೋದವರು ವಾಪಸ್ ಹೊರಡುವ ಹೊತ್ತಿಗೂ ಅದು ಅಲ್ಲಿಂದ ಹೊರಬಂದಿರುವುದಿಲ್ಲ.

ದುಬೈ, ಅಬುಧಾಬಿಗೆ ಹೋಗುವವರು ಯುಎಇ ಸರ್ಕಾರದಿಂದ ಮುಂಗಡ ಆಮದು ಪರವಾನಗಿ ತೆಗೆದುಕೊಳ್ಳಬೇಕು. ಭಾರತದಿಂದ ಹೋಗುವ ನಾಯಿಗೆ ರಕ್ತಪರೀಕ್ಷೆಯೂ ಬೇಕು. ಪಿಟ್‌ಬುಲ್‌ನಂಥ ಕೆಲವು ತಳಿಗಳಿಗೆ ಅಲ್ಲೂ ಪ್ರವೇಶವಿಲ್ಲ, ಬ್ರಿಟನ್ನಿನಲ್ಲೂ ಇಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಯುಎಇಯಿಂದ ಯುರೋಪಿಗೆ ಹೊರಟ ನಾಯಿಗೆ ಈ ರಕ್ತಪರೀಕ್ಷೆಯ ಕಾಟವಿಲ್ಲ, ಯಾಕೆಂದರೆ ಯುರೋಪು ಆ ದೇಶವನ್ನು ತನ್ನ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿದೆ. ದುಬೈನಲ್ಲಿ ನೆಲೆಸಿದ ಮಾನ್ವಿಯ ಕುಟುಂಬ ಅಲ್ಲಿ ಸಾಕಿದ ನಾಯಿಯನ್ನು ಯುರೋಪಿಗೆ ಒಯ್ಯುವುದು ಸುಲಭ. ಅವರ ಅಣ್ಣನ ಮನೆಯ ನಾಯಿ ಮಾನ್ವಿಯಿಂದ ಹೊರಟರೆ ನಾಲ್ಕು ತಿಂಗಳು ಬೇಕು. ಎರಡು ನಾಯಿಗಳ ಆರೋಗ್ಯದಲ್ಲಿ ಏನೂ ಭೇದವಿಲ್ಲ. ಅವು ಬದುಕುವ ಬೀದಿಗಳಲ್ಲಿ ಭೇದವಿದೆ.

ರಾಯಚೂರಿನಿಂದ ಶಂಶಾಬಾದಿನವರೆಗೆ

ನಮ್ಮ ಕಡೆಯವರಿಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನದು. ಶಕ್ತಿನಗರದ ಬಳಿ ಕೃಷ್ಣಾ ದಾಟಿ, ಮಖ್ತಲ್, ಮೆಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋದರೆ ಊರೊಳಗೆ ಹೊಗುವ ಮೊದಲೇ ಶಂಶಾಬಾದ್ ಸಿಗುತ್ತದೆ. ಬೆಂಗಳೂರಿಗೆ ಹೋಲಿಸಿದರೆ ಅರ್ಧದಷ್ಟು ದಾರಿ. ಕೇಂದ್ರ ಪಶುಸಂಗೋಪನೆ ಇಲಾಖೆಯ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿ ಹೈದರಾಬಾದಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ದೇಶ ಬಿಡುವ ನಾಯಿಗೆ ಕೊನೆಯ ಆರೋಗ್ಯ ಪ್ರಮಾಣಪತ್ರ ಕೊಡುವುದು ಈ ಕಚೇರಿಯೇ. ಮಾನ್ವಿ, ದೇವದುರ್ಗದ ಪಶು ಆಸ್ಪತ್ರೆಯ ಪತ್ರ ಅದಕ್ಕೆ ಬುನಾದಿಯಾಗುತ್ತದೆ, ಬದಲಿಯಾಗುವುದಿಲ್ಲ. ಮುಂಗಡ ಸಮಯ ಗೊತ್ತುಮಾಡಿಕೊಂಡು ನಾಯಿಯನ್ನು ಅಲ್ಲಿಗೆ ಒಯ್ದು ತೋರಿಸಬೇಕು. ಪಾಸ್‌ಪೋರ್ಟ್, ಟಿಕೆಟ್, ಲಸಿಕೆ ಕಾರ್ಡ್, ರಕ್ತದ ವರದಿ ಎಲ್ಲದರ ನಕಲೂ ಜೊತೆಗಿರಲಿ. ಯುರೋಪಿನ ಪ್ರಮಾಣಪತ್ರಕ್ಕೆ ಅಲ್ಲಿ ಇಳಿಯುವ ದಿನದವರೆಗೆ ಹತ್ತು ದಿನದ ಆಯುಷ್ಯ ಮಾತ್ರ. ಆದ್ದರಿಂದ ಇದು ಪ್ರಯಾಣದ ವಾರದ ಕೆಲಸ. ಒಂದೆರಡು ದಿನ ಹೈದರಾಬಾದಿನಲ್ಲಿ ಉಳಿಯುವ ಲೆಕ್ಕ ಹಾಕಿಕೊಳ್ಳಿ.

ಬೆಂಗಳೂರಿನಿಂದಲೇ ಹೊರಡುವವರು ರಾಯಚೂರಿನಿಂದ ರೈಲು ಹಿಡಿಯಬಹುದು. ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಆಗಿದ್ದರೆ ನಾಯಿಯನ್ನು ಜೊತೆಗಿರಿಸಿಕೊಳ್ಳಲು ರೈಲ್ವೆ ಬಿಡುತ್ತದೆ. ಇಲ್ಲದಿದ್ದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆಯಲ್ಲಿ ಕಳಿಸಬೇಕು. ಸ್ಲೀಪರ್, ಥರ್ಡ್ ಎಸಿಯಲ್ಲಿ ನಾಯಿಗೆ ಅವಕಾಶವಿಲ್ಲ. ರಾಯಚೂರಿನ ಬಿಸಿಲಿನಲ್ಲಿ ಕಬ್ಬಿಣದ ಆ ಪೆಟ್ಟಿಗೆಯ ಪ್ರಯಾಣವನ್ನು ನಾನಂತೂ ಯಾವ ನಾಯಿಗೂ ಬಯಸುವುದಿಲ್ಲ.

ಬಿಸಿಲಿನ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ಮಕ್ಕಳ ಸೂಟಿ ಏಪ್ರಿಲ್ ಮೇ ತಿಂಗಳಲ್ಲಿ. ರಾಯಚೂರಿನಲ್ಲಿ ಆಗ ಪಾರಾ 42 ಡಿಗ್ರಿ ದಾಟುವುದು ವರ್ಷವರ್ಷದ ಪಾಡು. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಪಗ್, ಬುಲ್‌ಡಾಗ್, ಶಿಟ್ಜು, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಿನ ದಾರಿ ಇಕ್ಕಟ್ಟಾಗಿರುವುದರಿಂದ ಅದೂ ಕಷ್ಟ. ವಿಮಾನದ ಕೆಳಭಾಗದಲ್ಲಿ ಹೋಗುವ ಪ್ರಾಣಿ ಹತ್ತುವ ಮುಂಚೆ ಕಾದ ರನ್‌ವೇ ಬದಿಯಲ್ಲಿ ನಿಲ್ಲಬೇಕಾಗಬಹುದು. ಇಂಥ ತಳಿಗಳನ್ನು ಅನೇಕ ವಿಮಾನ ಸಂಸ್ಥೆಗಳು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಬೇರೆ ತಳಿಗೂ ನಿರ್ಬಂಧ ಹಾಕುವುದುಂಟು. ನಿಮ್ಮ ಮನೆಯ ಪಗ್‌ಗೆ ಮೇ ತಿಂಗಳ ವಿಮಾನ ಯಾನ ಜೀವದ ಅಪಾಯ. ಅದನ್ನು ಬೇರೆ ಯಾವ ಮಾತಿನಿಂದಲೂ ಮರೆಮಾಡಲಾಗದು.

ಉಳಿದ ನಾಯಿಗಳಿಗೆ ಪಂಜರದ ಅಭ್ಯಾಸ ಬೇಕೇಬೇಕು. ವಿಮಾನಯಾನ ಸಂಸ್ಥೆಗಳ ಒಕ್ಕೂಟದ ನಿಯಮದಂತೆ ನಾಯಿ ಒಳಗೆ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಎಲ್ಲ ಬದಿಗೂ ಗಾಳಿಕಿಂಡಿ, ಬಾಗಿಲಿಗೆ ಸಿಕ್ಕಿಸಿದ ನೀರಿನ ಬಟ್ಟಲು ಇರಬೇಕು. ಪಂಜರವನ್ನು ಒಂದೆರಡು ತಿಂಗಳು ಮೊದಲೇ ತಂದು ಪಡಸಾಲೆಯಲ್ಲಿ ಇಡಿ. ಮೊದಲ ದಿನಗಳಲ್ಲಿ ಬಾಗಿಲು ಕಳಚಿಡಿ. ನೀವು ಉಟ್ಟು ಬಿಟ್ಟ ಹಳೆ ಲುಂಗಿ ಅಥವಾ ಸೀರೆಯ ತುಂಡನ್ನು ಒಳಗೆ ಹಾಸಿ. ರೊಟ್ಟಿ ಹಾಲಿನ ತಾಟನ್ನು ಮೊದಲು ಬಾಗಿಲ ಬಳಿ, ನಾಲ್ಕು ದಿನ ಬಿಟ್ಟು ನಡುವೆ, ಆಮೇಲೆ ತೀರಾ ಒಳಗೆ ಸರಿಸುತ್ತ ಹೋಗಿ. ಅದು ತಾನೇ ಹೋಗಿ ಮಧ್ಯಾಹ್ನದ ನಿದ್ದೆ ಅಲ್ಲಿ ಮಾಡತೊಡಗಿದ ಮೇಲೆ ಬಾಗಿಲು ಜೋಡಿಸಿ, ಒಂದು ನಿಮಿಷ, ಐದು ನಿಮಿಷ, ಒಂದು ಗಂಟೆ ಮುಚ್ಚಿ ನೋಡಿ. ಕೊನೆಗೆ ಪಂಜರವನ್ನು ಕಾರಿನಲ್ಲಿಟ್ಟು ಊರ ಹೊರಗೆ ಸುತ್ತಿಸಿ ತನ್ನಿ. ನಿದ್ದೆಗುಳಿಗೆ ಮಾತ್ರ ಕೊಡಬೇಡಿ. ಎತ್ತರದಲ್ಲಿ ಅದು ಉಸಿರು, ರಕ್ತದೊತ್ತಡ ಎರಡನ್ನೂ ಕೆಡಿಸಬಲ್ಲದು. ಮಂಪರು ಬರಿಸಿದ ಪ್ರಾಣಿಯನ್ನು ಹೆಚ್ಚಿನ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೂ ಇಲ್ಲ. ದಾರಿಗೆಂದು ಮಾಂಸ, ಹಾಲಿನ ಪದಾರ್ಥ ಕಟ್ಟಿಕೊಂಡು ಯುರೋಪಿನಲ್ಲಿ ಇಳಿಯಬೇಡಿ, ಅಲ್ಲಿ ಅವಕ್ಕೆ ಪ್ರವೇಶವಿಲ್ಲ.

ಮರಳಿ ಬರುವ ದಾರಿ

ಹೋಗುವುದನ್ನೇ ಯೋಚಿಸಿ ಬರುವುದನ್ನು ಮರೆಯುವವರು ಬಹಳ. ಭಾರತದೊಳಗೆ ಪ್ರಾಣಿ ತರುವುದನ್ನು ನಿಯಂತ್ರಿಸುವ ಕಾನೂನು 1898ರದು. 2013ರಲ್ಲಿ ಸರ್ಕಾರ ನಿಯಮ ಇನ್ನಷ್ಟು ಬಿಗಿ ಮಾಡಿತು. ಸಾಕುನಾಯಿ, ಬೆಕ್ಕನ್ನು ಬ್ಯಾಗೇಜಿನ ಭಾಗವಾಗಿ ತರಲು ಅವಕಾಶ ಎರಡು ವರ್ಷ ಸತತ ಹೊರಗಿದ್ದು ವಾಸ ಬದಲಿಸಿ ಬರುವವರಿಗೆ, ಅದೂ ಒಬ್ಬರಿಗೆ ಎರಡೇ ಪ್ರಾಣಿ. ಹೀಗಾಗಿ ಜರ್ಮನಿಯಲ್ಲಿರುವ ಮಗ ಅಲ್ಲಿ ಸಾಕಿದ ನಾಯಿಯನ್ನು ಜಾತ್ರೆಗೆ, ಮದುವೆಗೆ ಎಂದು ನಾಲ್ಕು ವಾರಕ್ಕೆ ದೇವದುರ್ಗಕ್ಕೆ ತರುವ ಯೋಚನೆ ಮಾಡಬಾರದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಪಾರಾಗಿ ಬಂದ ನಮ್ಮ ವಿದ್ಯಾರ್ಥಿಗಳು ತಮ್ಮ ನಾಯಿ, ಬೆಕ್ಕುಗಳನ್ನು ಬಿಟ್ಟು ಬರಲು ಒಪ್ಪದಾಗ ಕೇಂದ್ರ ಸರ್ಕಾರ ಒಂದು ಬಾರಿಯ ಸಡಿಲಿಕೆ ಕೊಡಬೇಕಾಯಿತು. ನಿಯಮ ಎಷ್ಟು ಬಿಗಿ ಎಂಬುದಕ್ಕೆ ಅದೇ ಸಾಕ್ಷಿ.

ಇಲ್ಲಿಂದಲೇ ಹೋದ ನಾಯಿಯನ್ನು ವಾಪಸ್ ತರುವಾಗಲೂ ಕ್ವಾರಂಟೈನ್ ಕಚೇರಿಯ ಒಪ್ಪಿಗೆ ಪತ್ರ ಬೇಕು. ಆದ್ದರಿಂದ ಹೊರಡುವ ಮೊದಲೇ ಅದೇ ಕಚೇರಿಯಲ್ಲಿ ಮರಳುವ ಕ್ರಮವನ್ನೂ ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಹೋಗುವಾಗಿನ ಒಂದು ಕಾಗದವನ್ನೂ ಕಳೆಯಬೇಡಿ. ನಾಯಿ ಬಂದಿಳಿಯುವುದು ಬೆಂಗಳೂರು, ಹೈದರಾಬಾದಿನಂಥ ನಿಗದಿತ ನಿಲ್ದಾಣಗಳಲ್ಲೇ ಆಗಬೇಕು.

ಪಂಜರದ ಗಿಳಿ, ನಕ್ಷತ್ರ ಆಮೆಯ ಬಗ್ಗೆ ಕೇಳುವವರಿಗೂ ಉತ್ತರ ಕೊಡಬೇಕು. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಅವನ್ನು ಮನೆಯಲ್ಲಿ ಸಾಕುವುದೇ ಅಪರಾಧ. ದೇಶ ದಾಟಿಸುವುದು ಕಳ್ಳಸಾಗಣೆ. ಈ ವಿಷಯದಲ್ಲಿ ಸಲಹೆಗೆ ಜಾಗವೇ ಇಲ್ಲ.

ಬಿಟ್ಟು ಹೋಗುವುದನ್ನು ಸರಿಯಾಗಿ ಮಾಡಿ

ಇಷ್ಟೆಲ್ಲ ಓದಿದ ಮೇಲೆ ಲೆಕ್ಕ ಹಾಕಿ. ನಾಲ್ಕು ತಿಂಗಳ ತಯಾರಿ, ಲಕ್ಷ ದಾಟಬಲ್ಲ ಖರ್ಚು, ಹತ್ತಾರು ಗಂಟೆ ಕತ್ತಲ ಪಂಜರ, ಗೊತ್ತಿಲ್ಲದ ಮನೆ, ಚಳಿ. ಮೂರು ವಾರಕ್ಕೆ ಮತ್ತೆ ಅದೇ ದಾರಿ. ವರ್ಷಗಟ್ಟಲೆ ಅಲ್ಲೇ ಇರುವುದಾದರೆ ನಾಯಿ ಈ ಕಷ್ಟವನ್ನು ದಾಟಿ ನಿಮ್ಮ ಜೊತೆ ಸುಖವಾಗಿರುತ್ತದೆ. ಮೂರು ವಾರಕ್ಕೆ ಈ ಹಿಂಸೆ ಅದಕ್ಕೆ ಸಲ್ಲದು. ಐಫೆಲ್ ಗೋಪುರ ಅದಕ್ಕೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ಗೊತ್ತಿರುವ ವಾಸನೆ, ಹೊತ್ತಿಗೆ ಸರಿಯಾಗಿ ಊಟ, ತನ್ನನ್ನು ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ.

ಹೈದರಾಬಾದ್, ಬೆಂಗಳೂರಿನಲ್ಲಿ ನಾಯಿಗಳ ವಸತಿಗೃಹಗಳಿವೆ. ಆದರೆ ನಮ್ಮ ಊರುಗಳಿಗೆ ಒಪ್ಪುವುದು ನಂಟರು, ನೆರೆಮನೆಯವರು ಅಥವಾ ಮನೆಗೆ ಬಂದು ಇರುವ ನಂಬಿಗಸ್ತರು. ಸಾಧ್ಯವಿದ್ದರೆ ನಾಯಿಯನ್ನು ಬೇರೆ ಕಡೆ ಕಳಿಸುವುದಕ್ಕಿಂತ ನೋಡಿಕೊಳ್ಳುವವರನ್ನೇ ನಿಮ್ಮ ಮನೆಗೆ ಕರೆಯಿರಿ. ಹೊರಡುವ ಹದಿನೈದು ದಿನ ಮೊದಲಿನಿಂದ ಅವರ ಕೈಯಿಂದಲೇ ಊಟ ಹಾಕಿಸಿ, ಅವರೇ ಸಂಜೆ ತಿರುಗಾಡಿಸಿ ತರಲಿ. ರೇಬೀಸ್ ಜೊತೆಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಮುಗಿದಿರಲಿ, ಉಣ್ಣೆಗೆ ಔಷಧಿ ಹಾಕಿಸಿರಲಿ. ಒಂದು ಹಾಳೆಯಲ್ಲಿ ಊಟದ ಹೊತ್ತು, ಆಗದ ಪದಾರ್ಥ, ಔಷಧಿ, ವೈದ್ಯರ ಫೋನ್, ತುರ್ತಿನಲ್ಲಿ ನಿಮ್ಮ ಪರವಾಗಿ ತೀರ್ಮಾನ ಮಾಡುವ ಒಬ್ಬರ ಹೆಸರು ಬರೆದು ಗೋಡೆಗೆ ಅಂಟಿಸಿ. ಚಿಕಿತ್ಸೆಗೆ ಬೇಕಾಗುವ ಹಣವನ್ನು ಮೊದಲೇ ಕೊಟ್ಟಿಡಿ. ನೋಡಿಕೊಳ್ಳುವವರು ಖರ್ಚಿಗೆ ಹಿಂಜರಿದು ಆಸ್ಪತ್ರೆಗೆ ತಡಮಾಡಬಾರದು.

ಒಂದು ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ವಿದೇಶಕ್ಕೆ ಹೊರಟವರು ಸಾಕಿದ ನಾಯಿಯನ್ನು ಊರ ಹೊರಗೆ, ಗುಡಿಯ ಮುಂದೆ, ತೋಟದ ದಾರಿಯಲ್ಲಿ ಬಿಟ್ಟು ಹೋಗುವುದು. ಹಸಿದು ನೀರಡಿಸಿ ಸಾಯುವಂತೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ದ್ರೋಹವೇ.

ಬೀದಿ ಸುಧಾರಿಸಿದರೆ ಬಾಗಿಲು ತೆರೆಯುತ್ತದೆ

ಕೊನೆಯದಾಗಿ, ಇದು ವಿದೇಶಕ್ಕೆ ಹೋಗುವ ಕೆಲವೇ ಮನೆಗಳ ವಿಷಯ ಎಂದು ಪಕ್ಕಕ್ಕಿಡಬಾರದು. ಒಂದು ದೇಶದ ನಾಯಿಗೆ ಜಗತ್ತು ಎಷ್ಟು ಬಾಗಿಲು ತೆರೆಯುತ್ತದೆ ಎಂಬುದು ಆ ದೇಶ ರೇಬೀಸನ್ನು ಎಷ್ಟು ಹತೋಟಿಗೆ ತಂದಿದೆ ಎಂಬುದರ ಮೇಲೆ ನಿಂತಿದೆ. ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ತೊಡೆಯುವ ಗುರಿಯನ್ನು ನಮ್ಮ ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನೆರೆಯ ಗೋವಾ ವರ್ಷಾನುಗಟ್ಟಲೆ ಸಾಕುನಾಯಿ, ಬೀದಿನಾಯಿ ಎನ್ನದೆ ಲಸಿಕೆ ಹಾಕಿಸಿ 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯ ಎನಿಸಿತು. ಗೋವಾದಲ್ಲಿ ಆದದ್ದು ರಾಯಚೂರು ಜಿಲ್ಲೆಯಲ್ಲಿ ಆಗದಿರಲು ಕಾರಣವಿಲ್ಲ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ರೇಬೀಸ್ ದಿನದ ಶಿಬಿರಗಳು ರಾಯಚೂರು ನಗರದಷ್ಟೇ ಜೋರಾಗಿ ದೇವದುರ್ಗ, ಮಾನ್ವಿಯ ಹಳ್ಳಿಹಳ್ಳಿಗಳಲ್ಲಿ ನಡೆಯಲಿ. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಚಿಪ್ ಹಾಕುವ ಸೌಲಭ್ಯ, ಒಂದು ಸ್ಕ್ಯಾನರ್ ಇರಲಿ. ಹೊರದೇಶಕ್ಕೆ ಹೋಗುವ ನಾಯಿಗೆ ಅದು ಪಾಸ್‌ಪೋರ್ಟ್, ತಪ್ಪಿಸಿಕೊಂಡ ನಾಯಿಗೆ ಮನೆಯ ವಿಳಾಸ, ಬಿಟ್ಟುಹೋದ ಮಾಲೀಕನನ್ನು ಹುಡುಕಲು ಸಾಕ್ಷಿ. ಬೀದಿಯಲ್ಲಿ ಆಡುವ ಮಗುವನ್ನು ಕಾಯುವ ಲಸಿಕೆಯೇ ನಿಮ್ಮ ನಾಯಿಗೆ ವಿಮಾನದ ಬಾಗಿಲನ್ನೂ ತೆರೆಯುತ್ತದೆ.

ನೀವು ಮಾಡಬೇಕಾದದ್ದು ಈ ವಾರ ನಾಯಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯುವುದು, ಚಿಪ್ ಎಲ್ಲಿ ಹಾಕುತ್ತಾರೆಂದು ಕೇಳುವುದು, ಚಿಪ್ ಆದ ಮೇಲೆ ಲಸಿಕೆ ಹಾಕಿಸಿ ಕಾರ್ಡನ್ನು ಸರಿಯಾಗಿ ತುಂಬಿಸುವುದು. ಕರೆದುಕೊಂಡು ಹೋಗಬೇಕೋ ಬಿಟ್ಟು ಹೋಗಬೇಕೋ ಎಂಬುದನ್ನು ಆಮೇಲೆ ಮನೆಯವರೆಲ್ಲ ಕೂತು ತೀರ್ಮಾನಿಸಬಹುದು. ಎರಡರಲ್ಲಿ ಯಾವುದಾದರೂ ಈ ಕೆಲಸ ವ್ಯರ್ಥವಾಗುವುದಿಲ್ಲ.